ಸ್ಕ್ವರ್ಟ್ ಪಿಎಸ್4 ಮತ್ತು ಇಎಸ್4: ಒಂದು ಟೇಬಲ್ ಲ್ಯಾಂಪ್, ಎರಡು ಕಿಸೆ ಉಪಕರಣ

ಲೆದರ್‌ಮನ್ ಕಂಪನಿಯ ಸ್ಕ್ವರ್ಟ್ ಸರಣಿಯ ಈ ಎರಡು ಉಪಕರಣಗಳನ್ನು ಮಡಚಿ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಎರಡರ ಉದ್ದವೂ 5.7 ಸೆಂ.ಮೀ., ತೂಕವೂ ಸುಮಾರು 57 ಗ್ರಾಂ, ಹಿಡಿ ಅಲ್ಯುಮಿನಿಯಂ. ಹೊರಗಿನಿಂದಲೇ ಬಿಚ್ಚಿಕೊಳ್ಳುವ ಚಾಕು, ಕತ್ತರಿ, ಅರ, ಸ್ಕ್ರೂಡ್ರೈವರ್‌ಗಳು ಎರಡರಲ್ಲೂ ಇವೆ. ವ್ಯತ್ಯಾಸ ಇರುವುದು ಮಧ್ಯದಲ್ಲಿ ಮಾತ್ರ. ಪಿಎಸ್4 ಬಿಡಿಸಿದರೆ ಸಾಮಾನ್ಯ ಇಕ್ಕಳ: ತುದಿ ಚೂಪು, ಅದರ ಹಿಂದೆ ಹಲ್ಲಿರುವ ಹಿಡಿತದ ಭಾಗ, ಬುಡದಲ್ಲಿ ವೈರ್ ಕಟ್ಟರ್. ಇಎಸ್4 ಎಲೆಕ್ಟ್ರಿಕಲ್ ಕೆಲಸದವರಿಗಾಗಿ ಮಾಡಿದ್ದು. ಅದರ ದವಡೆಯಲ್ಲಿ ವೈರ್ ಸುಲಿಯುವ ಐದು ಕಚ್ಚುಗಳಿವೆ, ಅವಕ್ಕೆ 20, 18, 16, 14, 12 ಎಂದು ನಂಬರ್.

ಪ್ಲಾಸ್ಟಿಕ್ ಮೈಯ ಟೇಬಲ್ ಲ್ಯಾಂಪ್ ಒಂದರ ಹಳೆಯ ವೈರ್ ಸ್ವಿಚ್ಚಿನ ಹತ್ತಿರ ಬಿರಿದಿತ್ತು. ಅದನ್ನು ಬದಲಿಸುವ ಕೆಲಸವನ್ನೇ ಹೋಲಿಕೆಗೆ ಆರಿಸಿದ್ದು. ವೈರಿನ ಒಂದು ತುದಿಯ ಕೆಲಸ ಪಿಎಸ್4ನಲ್ಲಿ, ಇನ್ನೊಂದು ತುದಿಯದು ಇಎಸ್4ನಲ್ಲಿ. ಬೇರೆ ಉಪಕರಣ ಮುಟ್ಟುವುದು ತೀರಾ ಅನಿವಾರ್ಯವಾದಾಗ ಮಾತ್ರ, ಮುಟ್ಟಿದ್ದನ್ನು ಬರೆದಿಡುವುದು ಎಂಬ ನಿಯಮ.

ಸಾಮಾನು: ಎರಡು ಕೋರ್‌ನ, ಅಂದರೆ ಒಳಗೆ ಎರಡು ವೈರ್ ಇರುವ ದುಂಡು ಫ್ಲೆಕ್ಸಿಬಲ್ ವೈರ್, 0.75 ಚದರ ಮಿ.ಮೀ., 2 ಮೀಟರ್. ವೈರಿನ ನಡುವೆ ಕೂರುವ ಸ್ವಿಚ್ 1, ಬಿಚ್ಚಬಹುದಾದ ಪ್ಲಗ್ 1, ಸ್ಕ್ರೂ ಟರ್ಮಿನಲ್ ಇರುವ ಬಲ್ಬ್ ಹೋಲ್ಡರ್ 1. ಪರೀಕ್ಷೆಗೆ ಮಲ್ಟಿಮೀಟರ್, ಅಳೆಯಲು ವರ್ನಿಯರ್ ಕ್ಯಾಲಿಪರ್. ಲ್ಯಾಂಪಿನ ಮೈ ಲೋಹದ್ದಾಗಿದ್ದರೆ ಎರಡು ಕೋರ್ ಸಾಲದು. ಅರ್ತ್ ಸಮೇತ ಮೂರು ಕೋರ್ ಬೇಕು, ಅರ್ತ್ ವೈರನ್ನು ಮೈಗೆ ಸ್ಕ್ರೂನಿಂದ ಬಿಗಿಯಲೇಬೇಕು.

ಇನ್ನೊಂದು ಮಾತು ಮೊದಲೇ ಹೇಳಬೇಕು. ಇಎಸ್4 ಎಲೆಕ್ಟ್ರಿಷಿಯನ್ ಮಾದರಿ ಎನಿಸಿಕೊಂಡರೂ ಅದರ ಹಿಡಿ ಬರಿಯ ಲೋಹ, ಇನ್ಸುಲೇಷನ್ ಇಲ್ಲ. ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಂಡ ಮೇಲೆಯೇ ಕೆಲಸ ಶುರು ಮಾಡಬೇಕು.

ಹಂತ 1: ಹಳೆಯದನ್ನು ಬಿಚ್ಚಿದ್ದು

ಸ್ವಿಚ್ಚಿನ ಮುಚ್ಚಳದ ಸ್ಕ್ರೂಗಳು ಮೇಲ್ಮಟ್ಟದಲ್ಲೇ ಇದ್ದವು. ಎರಡೂ ಉಪಕರಣದ ಫಿಲಿಪ್ಸ್ ಅಲಗು ಒಂದೇ ಬಗೆಯದು. ನಿಜವಾದ ನಾಲ್ಕು ರೆಕ್ಕೆಯ ತುದಿ ಅಲ್ಲ, ಚಪ್ಪಟೆ ತಗಡನ್ನು ಫಿಲಿಪ್ಸ್ ಆಕಾರಕ್ಕೆ ಚೂಪು ಮಾಡಿದ್ದು. ಸ್ಕ್ರೂವಿನ ನಾಲ್ಕು ಗೀರಿನಲ್ಲಿ ಎರಡನ್ನು ಮಾತ್ರ ಹಿಡಿಯುತ್ತದೆ. ಸಡಿಲ ಸ್ಕ್ರೂಗೆ ಸಾಕು, ಬಿಗಿ ಸ್ಕ್ರೂಗೆ ಜಾರುತ್ತದೆ.

ತಪ್ಪು: ಎರಡನೇ ಸ್ಕ್ರೂ ಬಿಗಿಯಾಗಿತ್ತು. ಅಲಗನ್ನು ಒತ್ತದೆ ಬರೀ ತಿರುಗಿಸಲು ಹೋದಾಗ ಜಾರಿ ತಲೆಯ ಗೀರು ಸವೆಯಿತು. ಹೆಬ್ಬೆರಳನ್ನು ಅಲಗಿನ ನೇರಕ್ಕೆ ಹಿಡಿಯ ಹಿಂದೆ ಇಟ್ಟು, ಮುಕ್ಕಾಲು ಬಲ ಒತ್ತಲು, ಕಾಲು ಬಲ ತಿರುಗಿಸಲು ಕೊಟ್ಟಾಗ ಬಂತು.

ಹೋಲ್ಡರ್‌ನ ಸ್ಕ್ರೂ ಸುಮಾರು 20 ಮಿ.ಮೀ. ಆಳದ ಗುಂಡಿಯಲ್ಲಿತ್ತು. ಎರಡೂ ಉಪಕರಣ ಇಲ್ಲಿ ಸೋತವು. ಅಲಗು ಮುಟ್ಟುವ ಮೊದಲೇ ಹಿಡಿಯ ಭುಜ ಗುಂಡಿಯ ಅಂಚಿಗೆ ತಗಲುತ್ತದೆ. ಬೇರೆ ಸ್ಕ್ರೂಡ್ರೈವರ್ ತೆಗೆಯಬೇಕಾಯಿತು. ಹಿಡಿಯ ಪಕ್ಕದಿಂದ ಬಿಚ್ಚಿಕೊಳ್ಳುವ ಗಿಡ್ಡ ಅಲಗಿಗೆಲ್ಲ ಈ ಮಿತಿ ಇದೆ. ಬಿಟ್, ಅಂದರೆ ಬದಲಿಸಬಹುದಾದ ಸ್ಕ್ರೂಡ್ರೈವರ್ ತುದಿ ಹಾಕುವ ವ್ಯವಸ್ಥೆಯಿರುವ ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಸೈಬರ್‌ಟೂಲ್ ಇಂಥ ಕಡೆ ವಾಸಿ. ಅದು 91 ಮಿ.ಮೀ. ಚಾಕುವಿನ ಕಂಪ್ಯೂಟರ್ ರಿಪೇರಿ ಆವೃತ್ತಿ. ಬಿಟ್‌ಗಳ ಹೋಲ್ಡರ್ ಸೇರಿದ್ದರಿಂದ ಸಾಮಾನ್ಯ ಮಾದರಿಗಿಂತ ದಪ್ಪವೂ ಭಾರವೂ ಆಗಿದೆ. ಸ್ಕ್ವರ್ಟ್‌ನಲ್ಲಿ ಇಎಸ್4 ಪಿಎಸ್4ಗಿಂತ ದಪ್ಪವಾಗಿಲ್ಲ. ಹಾಗಾಗಿ ಏನಾದರೂ ಸೇರಿದ್ದರೆ ಅಷ್ಟೇ ಜಾಗದಲ್ಲಿ ಇನ್ನೇನೋ ಹೋಗಿರಲೇಬೇಕು. ಹೋದದ್ದೇನೆಂದು ತಿಳಿದದ್ದು ಹಂತ 6ರಲ್ಲಿ.

ಹಂತ 2: ಹೊರಕವಚ

ವೈರಿನ ಹೊರವ್ಯಾಸ 6 ಮಿ.ಮೀ. ಇಎಸ್4ನ ಅತಿ ದೊಡ್ಡ ಕಚ್ಚು 12ರದು (ನಂಬರ್ ಇಳಿದಷ್ಟೂ ಕಚ್ಚು ದೊಡ್ಡದು), ಅಂದರೆ 2.05 ಮಿ.ಮೀ. ಹೊರಕವಚ ತೆಗೆಯಲು ವಿಶೇಷ ಆವೃತ್ತಿಯಿಂದ ಕಿಂಚಿತ್ತೂ ಸಹಾಯವಿಲ್ಲ. ಎರಡರಲ್ಲೂ ಚಾಕುವೇ ಗತಿ.

35 ಮಿ.ಮೀ. ಗುರುತು ಹಾಕಿ, ಚಾಕುವನ್ನು ಸುತ್ತಲೂ ಹಗುರವಾಗಿ ಆಡಿಸಬೇಕು. ಕವಚದ ಅರ್ಧ ದಪ್ಪ ಕೊಯ್ದರೆ ಸಾಕು. ಆಮೇಲೆ ಕೊಯ್ದ ಜಾಗದಲ್ಲಿ ವೈರನ್ನು ಬಗ್ಗಿಸಿದರೆ ಉಳಿದ ಅರ್ಧ ತಾನೇ ಬಿರಿಯುತ್ತದೆ. ನಾಲ್ಕು ದಿಕ್ಕಿಗೂ ಬಗ್ಗಿಸಿ ಎಳೆದರೆ ಕೊಳವೆಯಂತೆ ಹೊರಬರುತ್ತದೆ.

ತಪ್ಪು: ಮೊದಲ ಸಲ ಪೂರ್ತಿ ಆಳಕ್ಕೆ ಕೊಯ್ದದ್ದರಿಂದ ಒಳಗಿನ ನೀಲಿ ವೈರಿನ ಮೈಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ನೋಡಿದರೆ ಕಾಣದು, ಬಗ್ಗಿಸಿದಾಗ ಗೀರು ಬಾಯ್ಬಿಟ್ಟು ತಾಮ್ರ ಹೊಳೆಯಿತು. ಆ 40 ಮಿ.ಮೀ. ಕತ್ತರಿಸಿ ಬಿಸಾಡಿ ಮತ್ತೆ ಶುರು. ಕವಚ ತೆಗೆದ ಮೇಲೆ ಒಳವೈರ್‌ಗಳನ್ನು ಒಂದೊಂದಾಗಿ ಬಗ್ಗಿಸಿ ನೋಡುವುದನ್ನು ಬಿಡಬಾರದು. ಸ್ಕ್ವರ್ಟ್‌ನ ಚಾಕುವಿಗೆ ಲಾಕ್ ಇಲ್ಲ ಎಂಬುದೂ ನೆನಪಿರಲಿ. ತುದಿಯಿಂದ ತಿವಿದು ಕೊಯ್ಯಲು ಹೋದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತದೆ.

ಹಂತ 3: ಪಿಎಸ್4ನಲ್ಲಿ ಒಳವೈರ್ ಸುಲಿದದ್ದು

ಗುರಿ: 7 ಮಿ.ಮೀ. ತಾಮ್ರ. ಒಳಗೆ 0.20 ಮಿ.ಮೀ.ನ 24 ಎಳೆಗಳು.

ಮೊದಲ ಪ್ರಯತ್ನ ಬುಡದ ಕಟ್ಟರ್‌ನಲ್ಲಿ. ಹಗುರವಾಗಿ ಅದುಮಿ ಎಳೆದಾಗ ಹೊದಿಕೆಯ ಜೊತೆ 5 ಎಳೆಗಳೂ ತುಂಡಾಗಿ ಬಂದವು. ಸ್ಪ್ರಿಂಗ್ ಇರುವ ಇಕ್ಕಳದಲ್ಲಿ ಎಷ್ಟು ಅದುಮಿದೆವೆಂಬ ಅಂದಾಜು ಕೈಗೆ ಸರಿಯಾಗಿ ಸಿಗುವುದಿಲ್ಲ. ಸ್ಪ್ರಿಂಗಿನ ಒತ್ತಡ ಮುಗಿದು ತಾಮ್ರದ ಒತ್ತಡ ಶುರುವಾಗುವ ಜಾಗ ಬೆರಳಿಗೆ ಗೊತ್ತಾಗದೆ ದಾಟಿಹೋಗುತ್ತದೆ.

ಎರಡನೇ ಪ್ರಯತ್ನ ಕತ್ತರಿಯಲ್ಲಿ. ಅದು ಇನ್ನೂ ಕೆಟ್ಟದಾಯಿತು. ಹೊದಿಕೆ ಒಂದು ಬದಿ ಕತ್ತರಿಸಿ ಇನ್ನೊಂದು ಬದಿ ಹಾಗೇ ಉಳಿಯುತ್ತದೆ.

ಮೂರನೆಯದು ಸರಿಹೋಯಿತು. ವೈರನ್ನು ತೋರುಬೆರಳ ಮೇಲೆ ಬಗ್ಗಿಸಿ ಹಿಡಿದು, ಬಗ್ಗಿದ ನೆತ್ತಿಯ ಮೇಲೆ ಚಾಕುವನ್ನು ಬರೀ ಮುಟ್ಟಿಸುವುದು. ಬಿಗಿದುಕೊಂಡ ಪಿವಿಸಿ, ಅಂದರೆ ಹೊದಿಕೆಯ ಪ್ಲಾಸ್ಟಿಕ್, ಮುಟ್ಟಿದ ಕೂಡಲೇ ಬಿರಿಯುತ್ತದೆ, ಒತ್ತುವ ಅಗತ್ಯವೇ ಇಲ್ಲ. ಕಾಲು ಸುತ್ತು ತಿರುಗಿಸಿ ಮತ್ತೆ ಬಗ್ಗಿಸಿ ಮುಟ್ಟಿಸುವುದು. ನಾಲ್ಕು ಸಲ ಮಾಡಿದ ಮೇಲೆ ತುದಿಯನ್ನು ಇಕ್ಕಳದ ಹಲ್ಲಿನಲ್ಲಿ ಹಿಡಿದು ಎಳೆದರೆ ಹೊದಿಕೆ ಜಾರಿ ಬರುತ್ತದೆ. 24ಕ್ಕೆ 24 ಎಳೆಯೂ ಉಳಿದವು. ಆದರೆ ಒಂದೊಂದು ತುದಿಗೂ ತಾಳ್ಮೆ ಬೇಕು. ಇಂಥ ಎಂಟು ಹತ್ತು ತುದಿ ಇದ್ದರೆ ಬೆರಳು ಸೋಲುತ್ತದೆ, ಸೋತ ಬೆರಳು ಜಾಸ್ತಿ ಒತ್ತುತ್ತದೆ.

ಹಂತ 4: ಇಎಸ್4ನಲ್ಲಿ ಅದೇ ಕೆಲಸ, ಮತ್ತು ಕಚ್ಚಿನ ನಂಬರ್ ಗೊಂದಲ

ಕಚ್ಚಿಗೆ ಹಾಕಿ ಅದುಮಿ ಎಳೆದರೆ ಮುಗಿಯಿತು ಎಂದುಕೊಂಡದ್ದು ತಪ್ಪಾಯಿತು. ಕಾರಣ ನಂಬರ್.

ಕಚ್ಚಿನ ನಂಬರ್‌ಗಳು ಅಮೆರಿಕನ್ ವೈರ್ ಗೇಜ್ ಪ್ರಕಾರ. ನಂಬರ್ ಏರಿದಷ್ಟೂ ವೈರ್ ಸಣ್ಣ. ಒಂಟಿ ಎಳೆಯ ಗಟ್ಟಿ ತಾಮ್ರಕ್ಕೆ ವ್ಯಾಸ ಹೀಗೆ: 20ಕ್ಕೆ 0.81 ಮಿ.ಮೀ., 18ಕ್ಕೆ 1.02, 16ಕ್ಕೆ 1.29, 14ಕ್ಕೆ 1.63, 12ಕ್ಕೆ 2.05. ಚದರ ಮಿ.ಮೀ. ಲೆಕ್ಕದಲ್ಲಿ 18 ಗೇಜ್ ಎಂದರೆ 0.82. ಆದ್ದರಿಂದ 0.75ರ ವೈರ್‌ಗೆ 18 ಹೊಂದಬೇಕು ಎಂದು ಕಾಗದದ ಮೇಲೆ ಅನಿಸುತ್ತದೆ. ಹಾಕಿ ನೋಡಿದರೆ 2 ಎಳೆ ತುಂಡು.

ಯಾಕೆಂದರೆ ಫ್ಲೆಕ್ಸಿಬಲ್ ವೈರಿನಲ್ಲಿ ಎಳೆಗಳ ನಡುವೆ ಗಾಳಿಯ ಜಾಗ ಇರುತ್ತದೆ. ತಾಮ್ರ 0.75 ಚದರ ಮಿ.ಮೀ. ಇದ್ದರೂ 24 ಎಳೆಗಳ ಕಟ್ಟಿನ ವ್ಯಾಸ ಕ್ಯಾಲಿಪರ್‌ನಲ್ಲಿ 1.1 ಮಿ.ಮೀ. ಬಂತು. 1.02ರ ಕಚ್ಚು ಅದನ್ನು ಕಚ್ಚದೆ ಬಿಡುವುದಿಲ್ಲ. 16ರ ಕಚ್ಚಿಗೆ ಹಾಕಿದರೆ ಉಲ್ಟಾ ತೊಂದರೆ: ತಾಮ್ರಕ್ಕೆ ಗೀರು ಬೀಳದು, ಆದರೆ ಹೊದಿಕೆಯ ತೆಳು ಪೊರೆ ಒಳಗೆ ಕತ್ತರಿಸದೆ ಉಳಿದು, ಎಳೆದಾಗ ರಬ್ಬರಿನಂತೆ ಉದ್ದವಾಗಿ ಚಿಂದಿಯಾಗಿ ಹರಿಯುತ್ತದೆ.

ಪರಿಹಾರ ಸರಳ. 16ರಲ್ಲೇ ಹಾಕಿ ಅದುಮಿ, ಅದುಮಿದಂತೆಯೇ ಉಪಕರಣವನ್ನು ವೈರಿನ ಸುತ್ತ ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸಿ, ಆಮೇಲೆ ಎಳೆಯುವುದು. ಪೊರೆ ಸುತ್ತಲೂ ಬಿರಿದು ತುಂಡು ನೀಟಾಗಿ ಬರುತ್ತದೆ. ಎಳೆ ಒಂದೂ ಹೋಗಲಿಲ್ಲ. ವೈರ್ ಕಚ್ಚಿಗೆ ನೇರ ಅಡ್ಡವಾಗಿರಬೇಕು. ಸ್ವಲ್ಪ ಓರೆಯಾದರೂ ಒಂದು ಅಂಚು ತಾಮ್ರಕ್ಕೆ ತಾಗುತ್ತದೆ.

ಸಿಕ್ಕಿದ ಬೇರೆ ವೈರ್ ತುಂಡುಗಳನ್ನೂ ಹಾಕಿ ನೋಡಿದ್ದಾಯಿತು. ಎಳೆ ವೈರ್‌ಗಳಲ್ಲಿ 0.5 ಚದರ ಮಿ.ಮೀ.ಗೆ 18ರ ಕಚ್ಚು ಚೆನ್ನಾಗಿ ಹೊಂದುತ್ತದೆ, ಕಟ್ಟಿನ ವ್ಯಾಸ ಸುಮಾರು 0.9. 1.0ಕ್ಕೆ 16 ತೀರಾ ಅಂಚಿನಲ್ಲಿ ಹೊಂದುತ್ತದೆ, ಎಳೆಗಳು ಬಿಗಿಯಾಗಿ ಹೊಸೆದಿದ್ದರೆ ಮಾತ್ರ. 1.5ಕ್ಕೆ 14, 2.5ಕ್ಕೆ 12 ಸರಿ. ಗಟ್ಟಿ ಒಂಟಿ ತಾಮ್ರದ ವೈರ್‌ಗೆ ಲೆಕ್ಕ ಬೇರೆ. 1.5ರ ಗಟ್ಟಿ ವೈರಿನ ವ್ಯಾಸ 1.38, 16 ಬಿಗಿ, 14 ಸಡಿಲ. 2.5ರದು 1.78, 14 ಬಿಗಿ, 12 ಸಡಿಲ. ಎರಡಕ್ಕೂ ಸಡಿಲದ್ದನ್ನೇ ಆರಿಸಿ ತಿರುಗಿಸಬೇಕು. ಗಟ್ಟಿ ತಾಮ್ರಕ್ಕೆ ಗೀರು ಬಿದ್ದರೆ ಆಗ ಏನೂ ಕಾಣಿಸದು, ಟರ್ಮಿನಲ್ ಹತ್ತಿರ ಎರಡು ಸಲ ಬಗ್ಗಿಸಿದಾಗ ಅದೇ ಗೀರಿನಲ್ಲಿ ಪಟ್ಟೆಂದು ಮುರಿಯುತ್ತದೆ. ಎಳೆ ವೈರ್ ಎರಡು ಎಳೆ ಕಳೆದುಕೊಂಡರೂ ಬದುಕುತ್ತದೆ, ಗಟ್ಟಿ ವೈರ್‌ಗೆ ಆ ಅವಕಾಶ ಇಲ್ಲ.

ಚದರ ಮಿ.ಮೀ. ಅಳತೆಯ ವೈರ್ ಬಳಸುವವರಿಗೆ ಈ ಐದು ಅಂಕಿಗಳು ದಾರಿ ತಪ್ಪಿಸುತ್ತವೆ, ಅದನ್ನು ಗಟ್ಟಿಯಾಗಿಯೇ ಹೇಳಬೇಕು. ಆದರೆ ಒಮ್ಮೆ ಯಾವ ವೈರ್‌ಗೆ ಯಾವ ಕಚ್ಚು ಎಂದು ಗೊತ್ತಾದ ಮೇಲೆ ಇಎಸ್4 ಬೇರೆಯೇ ಲೋಕ. ಚಾಕುವಿನಲ್ಲಿ ಎಚ್ಚರದಿಂದ ಮಾಡಿದ್ದನ್ನು ಇದು ಎರಡು ಉಸಿರಿನಲ್ಲಿ ಮಾಡುತ್ತದೆ. ಹತ್ತನೇ ತುದಿಯೂ ಮೊದಲನೆಯದರಷ್ಟೇ ನೀಟು.

ಹಂತ 5: ಟರ್ಮಿನಲ್

ಎಳೆಗಳನ್ನು ಹೊಸೆಯುವ ಕೆಲಸ ಬೆರಳಲ್ಲೇ. ಸ್ಕ್ರೂ ಟರ್ಮಿನಲ್‌ಗೆ ಬೆಸುಗೆ ಸೀಸ ಹಚ್ಚಿದ ತುದಿ ಹಾಕಬಾರದು. ಸ್ಕ್ರೂವಿನ ಒತ್ತಡಕ್ಕೆ ಸೀಸ ನಿಧಾನವಾಗಿ ಹರಿದು, ಬಿಗಿದದ್ದು ತಿಂಗಳುಗಳಲ್ಲಿ ಸಡಿಲವಾಗಿ ಬಿಸಿಯಾಗುತ್ತದೆ. ಅದರ ಬದಲು ತುದಿಗೆ ಹಾಕುವ ತಾಮ್ರದ ಕೊಳವೆ, ಅಂದರೆ ಫೆರೂಲ್ ಹಾಕಿ ನೋಡಿದ್ದಾಯಿತು.

ಸೋತ ಪ್ರಯತ್ನ: ಫೆರೂಲನ್ನು ಪಿಎಸ್4ನ ಹಲ್ಲಿನಲ್ಲಿ ಅದುಮಿ ಚಪ್ಪಟೆ ಮಾಡಿದರೆ ನೋಡಲು ಸರಿಯಾಗೇ ಇತ್ತು. ಕೈಯಲ್ಲಿ ಎಳೆದಾಗ ವೈರ್ ಜಾರಿ ಹೊರಬಂತು. ಇಎಸ್4ನಲ್ಲಿ ಅದುಮಲು ಸರಿಯಾದ ಜಾಗವೇ ಇಲ್ಲ. ಕಚ್ಚಿನ ಅಂಚು ಫೆರೂಲನ್ನೇ ಅರ್ಧ ಕೊಯ್ದಿತು. ಹೀಗೆ ಅದುಮಿ ಕೂರಿಸುವುದಕ್ಕೆ, ಅಂದರೆ ಕ್ರಿಂಪಿಂಗ್‌ಗೆ, ಕ್ರಿಂಪಿಂಗ್ ಇಕ್ಕಳವೇ ಬೇಕು. ಕೊನೆಗೆ ಬರಿಯ ಹೊಸೆದ ಎಳೆಗಳನ್ನು ಹಿಂದಕ್ಕೆ ಮಡಚಿ ಎರಡು ಪಟ್ಟು ದಪ್ಪ ಮಾಡಿ ಟರ್ಮಿನಲ್‌ಗೆ ಹಾಕಿ ಬಿಗಿದದ್ದು. ಟರ್ಮಿನಲ್‌ನ ಹೊರಗೆ ಬರಿ ತಾಮ್ರ 1 ಮಿ.ಮೀ.ಗಿಂತ ಹೆಚ್ಚು ಕಾಣಬಾರದು, ಹೊದಿಕೆ ಸ್ಕ್ರೂವಿನ ಅಡಿಗೂ ಹೋಗಬಾರದು. ಬಿಗಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಬೇಕು.

ಸ್ವಿಚ್‌ನಲ್ಲಿ ಕಂದು ಬಣ್ಣದ ಫೇಸ್ ವೈರನ್ನು ಮಾತ್ರ ಕತ್ತರಿಸಿ ಸೇರಿಸಬೇಕು, ನೀಲಿ ನ್ಯೂಟ್ರಲ್ ದಾಟಿ ಹೋಗಬೇಕು. ವೈರ್ ಎಳೆದರೂ ಅಲುಗದಂತೆ ಬಿಗಿಯುವ ಕ್ಲಾಂಪ್ ಹಿಡಿಯಬೇಕಾದ್ದು ಹೊರಕವಚವನ್ನು. ಹೊರಕವಚ ಜಾಸ್ತಿ ಸುಲಿದರೆ ಕ್ಲಾಂಪ್ ಒಳವೈರ್‌ಗಳ ಮೇಲೆ ಕೂರುತ್ತದೆ, ಎಳೆತವೆಲ್ಲ ಟರ್ಮಿನಲ್‌ಗೆ ಬೀಳುತ್ತದೆ. ಹಳೆಯ ವೈರ್ ಬಿರಿದದ್ದೂ ಇದೇ ಕಾರಣಕ್ಕೆ.

ಮಲ್ಟಿಮೀಟರ್ ಪರೀಕ್ಷೆ ಬಲ್ಬ್ ತೆಗೆದು. ಪ್ಲಗ್‌ನ ಫೇಸ್ ಪಿನ್‌ನಿಂದ ಹೋಲ್ಡರ್‌ನ ಫೇಸ್ ಟರ್ಮಿನಲ್‌ಗೆ ಸ್ವಿಚ್ ಆನ್‌ನಲ್ಲಿ ಸೊನ್ನೆ ಓಮ್‌ನ ಹತ್ತಿರ, ಆಫ್‌ನಲ್ಲಿ ತೆರೆದ ಸರ್ಕ್ಯೂಟ್, ಅಂದರೆ ಸಂಪರ್ಕವಿಲ್ಲ. ಫೇಸ್‌ನಿಂದ ನ್ಯೂಟ್ರಲ್‌ಗೆ ಸ್ವಿಚ್ ಯಾವ ಸ್ಥಿತಿಯಲ್ಲಿದ್ದರೂ ತೆರೆದ ಸರ್ಕ್ಯೂಟ್. ಸರಿ ಬಂತು.

ಹಂತ 6: ವೈರ್ ಅಲ್ಲದ ಕೆಲಸಗಳು

ಲ್ಯಾಂಪಿನ ತಳದ ಬಟ್ಟೆಯ ಪ್ಯಾಡ್ ಹಿಡಿದಿದ್ದ 1.2 ಮಿ.ಮೀ. ದಪ್ಪದ ಎರಡು ಸಣ್ಣ ಮೊಳೆಗಳನ್ನು ಕೀಳಬೇಕಿತ್ತು. ಪಿಎಸ್4ನ ಹಲ್ಲು ಮೊಳೆಯ ಕತ್ತನ್ನು ಹಿಡಿಯಿತು, ಹಿಡಿಯನ್ನು ಉರುಳಿಸಿ ಎತ್ತಿದಾಗ ಮೊಳೆ ಬಂತು. ಇಎಸ್4ನ ಚೂಪು ತುದಿ ಹಿಡಿಯುತ್ತದೆ, ಬಲ ಹಾಕಿದ ಕೂಡಲೇ ಜಾರುತ್ತದೆ. ಹೆಚ್ಚು ಬಲ ಸಿಗುವ ಹಿಂಭಾಗಕ್ಕೆ ಮೊಳೆ ಸೇರಿಸೋಣವೆಂದರೆ ಅಲ್ಲಿರುವುದು ಕಚ್ಚುಗಳು. ಕಚ್ಚುಗಳು ಬಂದ ಜಾಗ ಹಿಡಿತದ ಹಲ್ಲುಗಳು ಇದ್ದ ಜಾಗವೇ. ವೈರ್ ಸುಲಿಯುವ ಕಚ್ಚುಗಳಿಗಾಗಿ ಬಿಟ್ಟುಕೊಟ್ಟದ್ದು ಇಕ್ಕಳದ ಹೊಟ್ಟೆಯನ್ನು. ಜಿಪ್‌ನ ಸಡಿಲ ಸ್ಲೈಡರ್ ಅದುಮುವುದಕ್ಕೂ ಸಣ್ಣ ನಟ್ ಹಿಡಿಯುವುದಕ್ಕೂ ಇದೇ ಕಥೆ: ಪಿಎಸ್4 ಮಾಡುತ್ತದೆ, ಇಎಸ್4 ಕೈಕೊಡುತ್ತದೆ.

ಇಡೀ ಕೆಲಸದಲ್ಲಿ ಅತಿ ದೊಡ್ಡ ತಪ್ಪು ಆದದ್ದು ಇಲ್ಲೇ. ಉಕ್ಕಿನ ಪೇಪರ್ ಕ್ಲಿಪ್ಪನ್ನು ಕೊಕ್ಕೆಯಾಗಿ ಬಗ್ಗಿಸಲು ಇಎಸ್4ನಲ್ಲಿ ಹಿಡಿದು ಅದುಮಿದಾಗ ಕ್ಲಿಪ್ ಜಾರಿ 20ರ ಕಚ್ಚಿನೊಳಗೆ ಕೂತಿತು. ಗಮನಿಸದೆ ಪೂರ್ತಿ ಬಲ ಹಾಕಿದ್ದಾಯಿತು. ಕಚ್ಚಿನ ಅಂಚು ಒಂದು ಕಡೆ ಒಳಕ್ಕೆ ಮಡಚಿ ಸಣ್ಣ ಮುಳ್ಳಿನಂತೆ ನಿಂತಿತು. ಬರಿಗಣ್ಣಿಗೆ ಅಷ್ಟಾಗಿ ಕಾಣದು. ಉಗುರು ಆಡಿಸಿದರೆ ತೊಡರುತ್ತದೆ. ಅದಾದ ಮೇಲೆ 20ರಲ್ಲಿ ಸುಲಿದ ಪ್ರತಿ ವೈರಿಗೂ ಅದೇ ಜಾಗದಲ್ಲಿ ಉದ್ದುದ್ದ ಗೀರು.

ಪಿಎಸ್4ನ ಹಿಡಿತದ ಹಲ್ಲಿನ ಮೇಲೆ ಅದೇ ಕ್ಲಿಪ್ ಹಿಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಹಲ್ಲು ಮೊಂಡಾದರೂ ಹಿಡಿಯುತ್ತದೆ. ಕಚ್ಚಿಗೆ ಅಂಚೇ ಜೀವ.

ಹಂತ 7: ಕಚ್ಚು ಸರಿಮಾಡುವ ಯತ್ನ

400 ಗ್ರಿಟ್‌ನ ವಾಟರ್ ಪೇಪರ್ ಪಟ್ಟಿಯನ್ನು ಸೂಜಿಗೆ ಸುತ್ತಿ, ಕಚ್ಚಿನ ಒಳಮೈಗೆ ಹತ್ತು ಸಲ ಆಡಿಸಿದಾಗ ಮುಳ್ಳು ಹೋಯಿತು. ಜೊತೆಗೆ ಅಂಚಿನ ಹರಿತವೂ ಹೋಯಿತು, ಕಚ್ಚು ತುಸು ದೊಡ್ಡದೂ ಆಯಿತು. ಈಗ ಅದು ತಾಮ್ರವನ್ನು ಗೀರುವುದಿಲ್ಲ, ಹೊದಿಕೆಯನ್ನೂ ಸರಿಯಾಗಿ ಕೊಯ್ಯುವುದಿಲ್ಲ. ಸುತ್ತು ತಿರುಗಿಸಿದರೂ ತೆಳು ಹೊದಿಕೆ ಚಿಂದಿಯಾಗುತ್ತದೆ. ಮೇಲಿನ ಚಪ್ಪಟೆ ಮುಖವನ್ನು ಕಲ್ಲಿನ ಮೇಲೆ ಉಜ್ಜಿ ಹರಿತ ತರಬಹುದು, ಆದರೆ ಹಾಗೆ ಮಾಡಿದರೆ ಉಳಿದ ನಾಲ್ಕು ಕಚ್ಚುಗಳ ಹೊಂದಾಣಿಕೆಯೂ ಕೆಡುತ್ತದೆ. ಅದಕ್ಕೆ ಕೈ ಹಾಕಿಲ್ಲ.

ಸ್ಕ್ವರ್ಟ್‌ನಲ್ಲಿ ದವಡೆ ಬದಲಿಸುವಂತಿಲ್ಲ, ಇಎಸ್4 ತಯಾರಿಕೆಯೂ ನಿಂತಿದೆ. ವಿಶೇಷ ಆವೃತ್ತಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಯಾವ ಭಾಗಕ್ಕಾಗಿ ಇದನ್ನು ಕೊಳ್ಳುತ್ತಿದ್ದೇವೋ ಆ ಭಾಗ ಸವೆದರೆ ಬದಲಿಸಬಹುದೇ? ಲೆದರ್‌ಮನ್ ವೇವ್ ಪ್ಲಸ್‌ನಲ್ಲಿ ವೈರ್ ಕಟ್ಟರ್‌ನ ಅಂಚುಗಳನ್ನು ಬಿಚ್ಚಿ ಬದಲಿಸಬಹುದು, ಹಳೆಯ ವೇವ್‌ನಲ್ಲಿ ಆ ಅನುಕೂಲ ಇರಲಿಲ್ಲ. ವಿಕ್ಟೋರಿನಾಕ್ಸ್ ರೆಸ್ಕ್ಯೂಟೂಲ್‌ನಲ್ಲಿ ಕಾರಿನ ಮುಂಗಾಜು ಕೊಯ್ಯುವ ಗರಗಸ ಇದೆ. ಗಾಜು ಕೊಯ್ದರೆ ಹಲ್ಲು ಬೇಗ ಹೋಗುತ್ತದೆಂದು ತಿಳಿದೇ ಅದನ್ನು ಬಳಸುವವರೇ ಬದಲಿಸುವಂತೆ ಮಾಡಿದ್ದಾರೆ. ಹೀಗೆ ಯೋಚಿಸಿ ಮಾಡಿದ್ದು ಕಂಡರೆ ಸಂತೋಷವಾಗುತ್ತದೆ.

ಹಂತ 8: ತೊಳೆದು ಎಣ್ಣೆ ಬಿಟ್ಟದ್ದು

ಕಚ್ಚುಗಳಲ್ಲಿ ಪಿವಿಸಿ ಚೂರು ಸಿಕ್ಕಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಮುಂದಿನ ವೈರ್ ಕಚ್ಚಿನ ತಳ ಮುಟ್ಟದೆ ಮೇಲೆ ಕೂತು ಓರೆಯಾಗಿ ಕೊಯ್ಯುತ್ತದೆ. ಮರದ ಟೂತ್‌ಪಿಕ್‌ನಲ್ಲಿ ತೆಗೆಯಬೇಕು, ಸೂಜಿ ಬೇಡ. ಆಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್. ಚೆನ್ನಾಗಿ ಒಣಗಿಸಿ ಕೀಲುಗಳಿಗೆ ಒಂದೊಂದು ಹನಿ ತೆಳು ಯಂತ್ರದ ಎಣ್ಣೆ, ಹತ್ತು ಸಲ ತೆರೆದು ಮುಚ್ಚಿ, ಹೆಚ್ಚಾದದ್ದನ್ನು ಒರೆಸುವುದು. ಅಲಗು 420ಎಚ್‌ಸಿ ಸ್ಟೇನ್‌ಲೆಸ್ ಉಕ್ಕು. ಬೇಗ ತುಕ್ಕು ಹಿಡಿಯದು, ಆದರೆ ಒದ್ದೆಯಾಗಿ ಮಡಚಿಟ್ಟರೆ ಕಲೆ ಬೀಳುತ್ತದೆ.

ಸದ್ಯದ ಸ್ಥಿತಿ: ಲ್ಯಾಂಪ್ ಉರಿಯುತ್ತಿದೆ, ಸ್ವಿಚ್‌ನ ಬಳಿ ಬಿಸಿ ಇಲ್ಲ. ಪಿಎಸ್4 ಕಿಸೆಯಲ್ಲಿ, ಇಎಸ್4 ಮಲ್ಟಿಮೀಟರ್ ಇಡುವ ಪೆಟ್ಟಿಗೆಯಲ್ಲಿ, ವೈರ್ ಬಿಟ್ಟು ಬೇರೇನನ್ನೂ ಅದರಲ್ಲಿ ಹಿಡಿಯಕೂಡದೆಂಬ ಚೀಟಿಯ ಜೊತೆ. ಅದೇ ಚೀಟಿಯ ಹಿಂಬದಿಯಲ್ಲಿ ಚದರ ಮಿ.ಮೀ.ಗೆ ಸರಿಹೊಂದುವ ಕಚ್ಚಿನ ನಂಬರ್‌ಗಳಿವೆ: 0.5ಕ್ಕೆ 18, 0.75ಕ್ಕೆ 16 ತಿರುಗಿಸಿ, 1.0ಕ್ಕೆ 16, 1.5ಕ್ಕೆ 14, 2.5ಕ್ಕೆ 12. 20ರ ಮುಂದೆ ಅಡ್ಡಗೆರೆ.